ಅಹವಾಲು ತಂದವರೇ ಶತ್ರುಗಳಾದರು: ರಷ್ಯಾದ ಕ್ರಾಂತಿ ದಬ್ಬಾಳಿಕೆಯಾದ ಬಗೆ

2022ರಲ್ಲಿ ಕೊಲಂಬೊ, 2024ರಲ್ಲಿ ಢಾಕಾ, 2025ರಲ್ಲಿ ಕಠ್ಮಂಡು. ನಮ್ಮ ಅಕ್ಕಪಕ್ಕದ ಮೂರು ದೇಶಗಳಲ್ಲಿ ಜನ ಬೀದಿಗಿಳಿದು ಸರಕಾರಗಳನ್ನೇ ಇಳಿಸಿದ್ದನ್ನು ನಾವು ಮೊಬೈಲಿನಲ್ಲೇ ನೋಡಿದೆವು. ನೋಡಿದ ಅನೇಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಮುಂದೇನು? ಅನ್ಯಾಯದ ವಿರುದ್ಧ ಎದ್ದವರೇ ಕುರ್ಚಿ ಸಿಕ್ಕ ಮೇಲೆ ಹೊಸ ಅನ್ಯಾಯ ಶುರು ಮಾಡಿದರೆ?

ಆ ಮೂರು ದೇಶಗಳ ಭವಿಷ್ಯ ಹೇಳುವ ಲೇಖನ ಇದಲ್ಲ. ಹಿಂದೆ ಹೀಗೆ ಆಗಿದ್ದರೆ ಹೇಗೆ ಆಯಿತು ಎಂದು ಒಂದೇ ಒಂದು ಉದಾಹರಣೆ ಹಿಡಿದು ನೋಡುವ ಪ್ರಯತ್ನ. ಉದಾಹರಣೆ ರಷ್ಯಾದ್ದು. ಅದನ್ನೇ ಆರಿಸಿಕೊಳ್ಳಲು ಕಾರಣ ಇದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ಗುಟ್ಟಿನ ಕಡತಗಳಲ್ಲಿ ಬಹಳಷ್ಟು ಹೊರಗೆ ಬಂದವು. ನಾಯಕರು ಜನರಿಗೆ ಹೇಳಿದ್ದೇನು, ತಮ್ಮೊಳಗೆ ಬರೆದುಕೊಂಡದ್ದೇನು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

## ಮೊದಲು ಕೆಲವು ಪದಗಳು

ಝಾರ್ ಅಂದರೆ ರಷ್ಯಾದ ಚಕ್ರವರ್ತಿ. ಸೋವಿಯತ್ ಅಂದರೆ ಕಾರ್ಮಿಕರು, ಸೈನಿಕರು, ರೈತರು ತಮ್ಮೊಳಗಿಂದಲೇ ಆರಿಸಿದ ಪ್ರತಿನಿಧಿಗಳ ಸಭೆ. ಬೋಲ್ಶೆವಿಕರು ಅಂದರೆ ಲೆನಿನ್ ನಾಯಕತ್ವದ ಪಕ್ಷದವರು. ಆ ಪಕ್ಷ 1918ರಲ್ಲಿ ಕಮ್ಯುನಿಸ್ಟ್ ಪಕ್ಷ ಎಂದು ಹೆಸರು ಬದಲಿಸಿಕೊಂಡಿತು. 'ಪ್ರಾವ್ದಾ' ಅದರ ಪತ್ರಿಕೆ.

ಇನ್ನು ಪ್ರಚಾರ. ಪ್ರಚಾರ ಮಾಡದ ಚಳವಳಿ ಇಲ್ಲ. ಕರಪತ್ರ ಹಂಚುವುದು, ಘೋಷಣೆ ಕೂಗುವುದು, ಗೋಡೆ ಮೇಲೆ ಬರೆಯುವುದು ಎಲ್ಲವೂ ಪ್ರಚಾರವೇ. ಅದರಲ್ಲಿ ತಪ್ಪೇನೂ ಇಲ್ಲ, ಎದುರಿನವರೂ ತಮ್ಮ ಕರಪತ್ರ ಹಂಚಬಹುದಾದರೆ. ಎದುರಿನವರ ಉತ್ತರ ಅಚ್ಚಾಗದಂತೆ ಸರಕಾರವೇ ತಡೆದಾಗ ಪ್ರಚಾರದ ಸ್ವಭಾವ ಬದಲಾಗುತ್ತದೆ. ಈ ಲೇಖನದಲ್ಲಿ ಪ್ರಚಾರ ಅಂದರೆ ಈ ಎರಡನೇ ಬಗೆಯದು.

ದಿನಾಂಕಗಳ ಬಗ್ಗೆ ಒಂದು ಮಾತು. ಆಗ ರಷ್ಯಾದ ಕ್ಯಾಲೆಂಡರ್ 13 ದಿನ ಹಿಂದಿತ್ತು. ಹಾಗಾಗಿಯೇ ನವೆಂಬರ್‌ನಲ್ಲಿ ಆದ ಕ್ರಾಂತಿಗೆ ಅಕ್ಟೋಬರ್ ಕ್ರಾಂತಿ ಎಂಬ ಹೆಸರು. ಇಲ್ಲಿ ಕೊಟ್ಟಿರುವುದು ಈಗಿನ ಕ್ಯಾಲೆಂಡರ್ ಪ್ರಕಾರದ ದಿನಾಂಕ.

## ಜನರ ಸಿಟ್ಟು ಸುಳ್ಳಾಗಿರಲಿಲ್ಲ

ಕ್ರಾಂತಿ ಕೆಟ್ಟ ಕಥೆ ಹೇಳುವಾಗ ಕ್ರಾಂತಿ ಯಾಕೆ ಬೇಕಾಯಿತು ಎಂಬುದನ್ನು ಮರೆಯಬಾರದು. ಅದನ್ನು ಬಿಟ್ಟರೆ ಮುಂದಿನದ್ದು ಅರ್ಥವಾಗುವುದಿಲ್ಲ.

ರಷ್ಯಾದ ರೈತರಲ್ಲಿ ಕೋಟ್ಯಂತರ ಜನ 1861ರವರೆಗೆ ಜಮೀನುದಾರರ ಜೀತದಾಳುಗಳು. ಜೀತ ಹೋಯಿತು. ಆದರೆ ಸಿಕ್ಕ ಭೂಮಿಗೆ ದಶಕಗಟ್ಟಲೆ ಕಂತು ಕಟ್ಟಬೇಕಾಯಿತು. ನಗರಗಳಲ್ಲಿ ಕಾರ್ಖಾನೆ ಕೂಲಿಗಳ ಪಾಡು ಅದಕ್ಕಿಂತ ಒಳ್ಳೆಯದಿರಲಿಲ್ಲ.

1905ರ ಜನವರಿ 22, ಭಾನುವಾರ. ಸೇಂಟ್ ಪೀಟರ್ಸ್‌ಬರ್ಗ್‌ನ ಸಾವಿರಾರು ಕಾರ್ಮಿಕರು ಹೆಂಡತಿ ಮಕ್ಕಳ ಜೊತೆ ಝಾರ್‌ನ ಅರಮನೆ ಕಡೆ ಹೊರಟರು. ಮುಂದೆ ಗಪೊನ್ ಎಂಬ ಪಾದ್ರಿ. ಕೈಯಲ್ಲಿ ದೇವರ ಪಟ, ಝಾರ್‌ನದೇ ಭಾವಚಿತ್ರ, ಜೊತೆಗೆ ಒಂದು ಅಹವಾಲು ಪತ್ರ. ದಿನಕ್ಕೆ ಎಂಟು ಗಂಟೆ ಕೆಲಸ, ನ್ಯಾಯವಾದ ಕೂಲಿ, ಮಾತಾಡುವ ಮತ್ತು ಅಚ್ಚು ಹಾಕುವ ಸ್ವಾತಂತ್ರ್ಯ, ಎಲ್ಲರ ಮತದಿಂದ ಆರಿಸಿದ ಸಂವಿಧಾನ ಸಭೆ. ಅವರು ಕೇಳಿದ್ದು ಇಷ್ಟು. ಸೈನಿಕರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ಆ ಅಹವಾಲನ್ನು ನೆನಪಿಟ್ಟುಕೊಳ್ಳಿ. ಮುಂದಿನ ಇಡೀ ಕಥೆಯನ್ನು ಅದೇ ಬೇಡಿಕೆಗಳಿಂದ ಅಳೆಯಬಹುದು.

1914ರಲ್ಲಿ ಮಹಾಯುದ್ಧ ಬಂತು. 1917ರ ಮಾರ್ಚ್ 8ರಂದು ಪೆಟ್ರೊಗ್ರಾಡ್‌ನ (ಸೇಂಟ್ ಪೀಟರ್ಸ್‌ಬರ್ಗ್‌ಗೆ ಯುದ್ಧಕಾಲದಲ್ಲಿ ಇಟ್ಟ ಹೆಸರು) ಬಟ್ಟೆ ಗಿರಣಿಗಳ ಹೆಂಗಸರು ಬ್ರೆಡ್ ಕೇಳುತ್ತಾ ಬೀದಿಗೆ ಬಂದರು. ಒಂದು ವಾರದಲ್ಲಿ ಝಾರ್ ಎರಡನೇ ನಿಕೊಲಾಸ್ ಸಿಂಹಾಸನ ಬಿಟ್ಟ. ಮಧ್ಯಂತರ ಸರಕಾರ ಬಂತು, ಆದರೆ ಯುದ್ಧ ನಿಲ್ಲಿಸಲಿಲ್ಲ, ರೈತರಿಗೆ ಭೂಮಿಯನ್ನೂ ಕೊಡಲಿಲ್ಲ. 'ಶಾಂತಿ, ಭೂಮಿ, ಬ್ರೆಡ್', 'ಎಲ್ಲ ಅಧಿಕಾರ ಸೋವಿಯತ್‌ಗಳಿಗೆ' ಎಂಬ ಬೋಲ್ಶೆವಿಕರ ಘೋಷಣೆ ಜನರ ಎದೆಗೆ ತಟ್ಟಿದ್ದು ಅದಕ್ಕೇ. ನವೆಂಬರ್ 7ರಂದು ಅವರು ಅಧಿಕಾರ ಹಿಡಿದರು.

## ಮೂರನೇ ದಿನದ 'ತಾತ್ಕಾಲಿಕ' ಆದೇಶ

ನವೆಂಬರ್ 9ರಂದು ಲೆನಿನ್ ಸಹಿಯ ಒಂದು ಆದೇಶ ಹೊರಬಿತ್ತು. ಹೊಸ ಸರಕಾರದ ವಿರುದ್ಧ ಜನರನ್ನು ಎತ್ತಿಕಟ್ಟುವ, ಸುದ್ದಿ ತಿರುಚುವ ಪತ್ರಿಕೆಗಳನ್ನು ಮುಚ್ಚಬಹುದು ಎಂಬ ಆದೇಶ. ಇದು ತಾತ್ಕಾಲಿಕ, ಹೊಸ ವ್ಯವಸ್ಥೆ ಗಟ್ಟಿಯಾದ ಕೂಡಲೇ ಪತ್ರಿಕೆಗಳ ಮೇಲಿನ ಎಲ್ಲ ನಿರ್ಬಂಧ ತೆಗೆಯುತ್ತೇವೆ ಎಂದೂ ಅದರಲ್ಲೇ ಬರೆದಿತ್ತು. ಇದೇ ಜನರ 'ಪ್ರಾವ್ದಾ' ಝಾರ್ ಕಾಲದಲ್ಲಿ ಮತ್ತೆ ಮತ್ತೆ ನಿಷೇಧಕ್ಕೆ ಒಳಗಾಗಿ, ಹೆಸರು ಬದಲಿಸಿಕೊಂಡು ಹೊರಬರುತ್ತಿತ್ತು. ಸೆನ್ಸಾರ್‌ನ ನೋವು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಸುಮ್ನೆ ಅಧಿಕಾರದ ಆಸೆಗೆ ಮಾಡಿದರು ಎಂದು ಹೇಳಿಬಿಟ್ಟರೆ ಅರ್ಧ ವಿವರಣೆ ಆಗುತ್ತದೆ. ಅವರಿಗೆ ನಿಜವಾದ ಶತ್ರುಗಳಿದ್ದರು. ಮುಂದಿನ ವರ್ಷವೇ ಅಂತರ್ಯುದ್ಧ ಹೊತ್ತಿಕೊಂಡಿತು, ಬ್ರಿಟನ್, ಫ್ರಾನ್ಸ್, ಜಪಾನ್, ಅಮೆರಿಕದ ಸೈನ್ಯಗಳೂ ಬಂದಿಳಿದವು. ಅಪಾಯ ನಿಜ. ಆದರೆ ಅಪಾಯ ಮುಗಿಯಿತೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಯಾರಿಗಿತ್ತು ನೋಡಿ. ಪತ್ರಿಕೆ ಮುಚ್ಚಿದವರಿಗೇ. ತೊಡಕು ಅಲ್ಲಿದೆ.

ಪಕ್ಷದೊಳಗೇ ಇದನ್ನು ಕಂಡವರಿದ್ದರು. ಅಲೆಕ್ಸಿ ರೈಕೊವ್ ಮತ್ತು ಕೆಲವು ಸಂಗಾತಿಗಳು ಅದೇ ನವೆಂಬರ್‌ನಲ್ಲಿ ಸರಕಾರಕ್ಕೆ ರಾಜೀನಾಮೆ ಕೊಟ್ಟರು. ಬೇರೆ ಸಮಾಜವಾದಿ ಪಕ್ಷಗಳನ್ನು ಸೇರಿಸಿಕೊಳ್ಳದೆ ಒಂದೇ ಪಕ್ಷದ ಸರಕಾರ ನಡೆಸಿದರೆ ಅದನ್ನು ಉಳಿಸಲು ಭಯೋತ್ಪಾದನೆಯೊಂದೇ ದಾರಿಯಾಗುತ್ತದೆ ಎಂದು ಅವರು ಬರೆದುಕೊಟ್ಟರು. ರೈಕೊವ್ ಸ್ವಲ್ಪ ದಿನದಲ್ಲೇ ವಾಪಸ್ ಬಂದರು. ಅವರ ಹೆಸರು ಈ ಲೇಖನದಲ್ಲಿ ಇನ್ನೊಮ್ಮೆ ಬರುತ್ತದೆ.

ಡಿಸೆಂಬರ್ 11ರಂದು ಉದಾರವಾದಿಗಳ 'ಕೆಡೆಟ್' ಪಕ್ಷವನ್ನು 'ಜನಶತ್ರುಗಳ ಪಕ್ಷ' ಎಂದು ಸರಕಾರಿ ಆದೇಶದಲ್ಲೇ ಕರೆದು ಅದರ ನಾಯಕರನ್ನು ಹಿಡಿಯಲು ಹೇಳಿದರು. ಡಿಸೆಂಬರ್ 20ರಂದು 'ಚೆಕಾ' ಎಂಬ ಗುಪ್ತ ಪೊಲೀಸ್ ಹುಟ್ಟಿತು.

ಇಷ್ಟರಲ್ಲಿ ಸಂವಿಧಾನ ಸಭೆಗೆ ಚುನಾವಣೆ ಆಗಿತ್ತು. 1905ರ ಅಹವಾಲಿನಲ್ಲಿ ಕೇಳಿದ್ದ ಅದೇ ಸಭೆ. ರೈತರ ಬೆಂಬಲವಿದ್ದ ಸೋಷಿಯಲಿಸ್ಟ್ ರೆವಲ್ಯೂಷನರಿ ಪಕ್ಷ ಮೊದಲು ಬಂತು. ಬೋಲ್ಶೆವಿಕರಿಗೆ ಸಿಕ್ಕಿದ್ದು ಸುಮಾರು ಕಾಲು ಭಾಗ ಮತ. 1918ರ ಜನವರಿ 18ರಂದು ಸಭೆ ಸೇರಿತು. ಬೆಳಗಿನ ಜಾವದವರೆಗೆ ನಡೆಯಿತು. ಮಾರನೇ ದಿನ ಬಾಗಿಲು ತೆರೆಯಲೇ ಇಲ್ಲ.

ಸಭೆ ಸೇರಿದ ದಿನ ಅದನ್ನು ಬೆಂಬಲಿಸಿ ಮೆರವಣಿಗೆ ಬಂದವರ ಮೇಲೆ ಗುಂಡು ಹಾರಿತು, ಹಲವರು ಸತ್ತರು. ಮೆರವಣಿಗೆ ಬಂದವರು ಬಂಡವಾಳಗಾರರ, ಬ್ಯಾಂಕಿನವರ ಕಡೆಯವರು ಎಂದು 'ಪ್ರಾವ್ದಾ' ಬರೆಯಿತು. ಲೇಖಕ ಮಾಕ್ಸಿಂ ಗಾರ್ಕಿ ತಮ್ಮ ಪತ್ರಿಕೆಯಲ್ಲಿ ಇದು ಸುಳ್ಳು ಎಂದರು. ಬಂದವರು ಪೆಟ್ರೊಗ್ರಾಡ್‌ನ ಕಾರ್ಖಾನೆಗಳ ಕಾರ್ಮಿಕರು ಎಂದು ಕಾರ್ಖಾನೆಗಳ ಹೆಸರು ಹಿಡಿದು ಬರೆದರು. ಈ ದಿನವನ್ನು 1905ರ ಆ ಭಾನುವಾರದ ಪಕ್ಕದಲ್ಲಿಟ್ಟು ತೋರಿಸಿದರು. ಆರು ತಿಂಗಳಲ್ಲಿ ಗಾರ್ಕಿಯವರ ಪತ್ರಿಕೆಯೂ ಮುಚ್ಚಿತು.

ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಮುಖ್ಯ ಅನಿಸುವುದು ಇದೇ ಘಟನೆ. ಸತ್ತವರ ಸಂಖ್ಯೆ ನೋಡಿದರೆ ಮುಂದೆ ಆದದ್ದರ ಎದುರು ಇದು ತೀರಾ ಸಣ್ಣದು. ಆದರೆ ಮುಂದೆ ಇಪ್ಪತ್ತು ವರ್ಷ ಬಳಸಿದ ಉಪಾಯ ಇಲ್ಲೇ ತಯಾರಾಯಿತು. ಅಹವಾಲು ತಂದವನಿಗೆ ಉತ್ತರ ಕೊಡಬೇಡ, ಅವನು ಯಾರ ಕಡೆಯವನು ಎಂದು ಹೇಳಿಬಿಡು. ಅಹವಾಲಿನಲ್ಲಿ ಏನಿದೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

## ಜನ ನಂಬಿದ್ದು ಯಾಕೆ?

ಸುಳ್ಳು ಹೇಳಿದರು, ಜನ ಮೋಸ ಹೋದರು ಎಂಬಷ್ಟು ಸರಳವಾಗಿರಲಿಲ್ಲ. ಪ್ರಚಾರದ ಜೊತೆ ನಿಜವಾದ ಕೊಡುಗೆಗಳೂ ಬಂದವು. ಜಮೀನುದಾರರ ಭೂಮಿ ರೈತರ ಕೈಗೆ ಬಂತು. ಎಂಟು ಗಂಟೆ ಕೆಲಸದ ಕಾನೂನು ಬಂತು. 1919ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಓದು ಕಲಿಸುವ ಆದೇಶ ಬಂತು. 1897ರ ಜನಗಣತಿಯಲ್ಲಿ 9ರಿಂದ 49 ವಯಸ್ಸಿನವರಲ್ಲಿ ಓದು ಬರಹ ಬಲ್ಲವರು ನೂರಕ್ಕೆ 28. 1939ರ ಸರಕಾರಿ ಲೆಕ್ಕದಲ್ಲಿ 87.

ದೊಡ್ಡವರಿಗೆ ಅಕ್ಷರ ಕಲಿಸುವ ಪುಸ್ತಕದಲ್ಲಿದ್ದ ಒಂದು ಸಾಲು ರಷ್ಯಾದಲ್ಲಿ ಇಂದಿಗೂ ಜನರಿಗೆ ನೆನಪಿದೆ. 'ನಾವು ಗುಲಾಮರಲ್ಲ.' ಅಜ್ಜ ಜೀತಕ್ಕಿದ್ದ ಮನೆಯ ಹುಡುಗಿಯೊಬ್ಬಳು ಬದುಕಿನಲ್ಲಿ ಮೊದಲು ಓದಿದ ಸಾಲು ಇದಾದರೆ, ಅದನ್ನು ಕೊಟ್ಟವರ ಮೇಲೆ ಅವಳಿಗೆ ಎಷ್ಟು ನಂಬಿಕೆ ಇರಬೇಡ!

ಓದಲು ಬಾರದವರಿಗೆ ಪೋಸ್ಟರ್‌ಗಳಿದ್ದವು. ಬಣ್ಣ ಬಳಿದ ಪ್ರಚಾರ ರೈಲುಗಳು ಸಿನಿಮಾ, ಅಚ್ಚಿನ ಯಂತ್ರ, ಭಾಷಣಕಾರರನ್ನು ಹೊತ್ತು ದೂರದ ಊರುಗಳಿಗೆ ಹೋಗುತ್ತಿದ್ದವು. ಮಾಯಕೊವ್‌ಸ್ಕಿಯಂಥ ದೊಡ್ಡ ಕವಿ ಅಂಗಡಿ ಕಿಟಕಿಗಳಲ್ಲಿ ತೂಗುಹಾಕುವ ಪೋಸ್ಟರ್‌ಗಳಿಗೆ ಚಿತ್ರ ಬರೆದು ಪದ್ಯ ಕಟ್ಟುತ್ತಿದ್ದರು. ಇದನ್ನೆಲ್ಲ ಮಾಡಿದವರಲ್ಲಿ ಅನೇಕರಿಗೆ ತಾವು ಹೇಳುತ್ತಿದ್ದ ಮಾತಿನಲ್ಲಿ ನಿಜಕ್ಕೂ ನಂಬಿಕೆ ಇತ್ತು. ದುಡ್ಡಿಗಾಗಿ ಮಾಡಿದ ಕೆಲಸಕ್ಕೆ ಅಷ್ಟು ಕಸುವು ಬರುವುದಿಲ್ಲ.

ಆದರೆ 1922ರ ಜೂನ್‌ನಲ್ಲಿ 'ಗ್ಲಾವ್ಲಿಟ್' ಎಂಬ ಸೆನ್ಸಾರ್ ಕಚೇರಿ ಶುರುವಾಯಿತು. ಅಂತರ್ಯುದ್ಧ ಗೆದ್ದಾಗಿತ್ತು, ವ್ಯವಸ್ಥೆ ಗಟ್ಟಿಯಾಗಿತ್ತು. 1917ರ ಆದೇಶದ ಮಾತಿನಂತೆ ನಿರ್ಬಂಧ ತೆಗೆಯಬೇಕಿತ್ತು, ಅಲ್ವಾ? ಅದರ ಬದಲು ನಿರ್ಬಂಧಕ್ಕೊಂದು ಕಾಯಂ ಕಚೇರಿ ಸಿಕ್ಕಿತು.

## ಕ್ರೋನ್‌ಸ್ಟಾಟ್‌ನ ನಾವಿಕರು

ಪೆಟ್ರೊಗ್ರಾಡ್ ಹತ್ತಿರ ಸಮುದ್ರದ ನಡುವೆ ಕ್ರೋನ್‌ಸ್ಟಾಟ್ ಎಂಬ ನೌಕಾನೆಲೆ ಇದೆ. 1917ರಲ್ಲಿ ಅಲ್ಲಿನ ನಾವಿಕರನ್ನು ಬೋಲ್ಶೆವಿಕ್ ನಾಯಕ ಟ್ರಾಟ್‌ಸ್ಕಿ ಕ್ರಾಂತಿಯ ಹೆಮ್ಮೆ ಎಂದು ಹೊಗಳಿದ್ದರು.

1921ರ ಚಳಿಗಾಲ. ನಗರದಲ್ಲಿ ಊಟಕ್ಕಿಲ್ಲ, ಕಾರ್ಖಾನೆಗಳಲ್ಲಿ ಮುಷ್ಕರ. ನಾವಿಕರು ಸಭೆ ಸೇರಿ 15 ಬೇಡಿಕೆಗಳ ನಿರ್ಣಯ ಮಾಡಿದರು. ಸೋವಿಯತ್‌ಗಳಿಗೆ ಗುಟ್ಟಿನ ಮತದಾನದಿಂದ ಹೊಸ ಚುನಾವಣೆ ನಡೆಸಿ. ಕಾರ್ಮಿಕರಿಗೂ ರೈತರಿಗೂ ಮಾತಿನ, ಅಚ್ಚಿನ ಸ್ವಾತಂತ್ರ್ಯ ಕೊಡಿ. ಜೈಲಿನಲ್ಲಿರುವ ಸಮಾಜವಾದಿಗಳನ್ನು ಬಿಡಿ. ಝಾರ್ ವಾಪಸ್ ಬರಲಿ ಎಂದು ಒಬ್ಬನೂ ಕೇಳಲಿಲ್ಲ. 'ಎಲ್ಲ ಅಧಿಕಾರ ಸೋವಿಯತ್‌ಗಳಿಗೆ' ಎಂದು ನೀವೇ ಹೇಳಿದ್ದಿರಲ್ಲ, ಅದನ್ನು ಕೊಡಿ ಎಂದರು.

ಸರಕಾರದ ಉತ್ತರ ಎರಡು ದಿನದಲ್ಲೇ ಸಿದ್ಧವಾಯಿತು. ಇದು ಝಾರ್ ಕಾಲದ ಕೊಜ್ಲೊವ್‌ಸ್ಕಿ ಎಂಬ ಜನರಲ್ ಮಾಡಿಸಿದ ದಂಗೆ, ಹಿಂದೆ ಫ್ರಾನ್ಸಿನ ಗೂಢಚಾರರಿದ್ದಾರೆ ಎಂಬ ಪ್ರಕಟಣೆ. ಆ ಜನರಲ್ ಅಲ್ಲಿ ಇದ್ದದ್ದು ನಿಜ. ಫಿರಂಗಿಗಳ ಉಸ್ತುವಾರಿಗೆ ಅವನನ್ನು ನೇಮಿಸಿದ್ದು ಬೋಲ್ಶೆವಿಕ್ ಸರಕಾರವೇ! ಮಾರ್ಚ್ 17, 18ರಂದು ಕೆಂಪು ಸೇನೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಹೋಗಿ ಕೋಟೆ ಹಿಡಿಯಿತು. ಆಮೇಲೆ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಮರಣದಂಡನೆ ವಿಧಿಸಲಾಯಿತು.

ಅದೇ ವಾರ ಮಾಸ್ಕೊದಲ್ಲಿ ಪಕ್ಷದ ಮಹಾಧಿವೇಶನ ನಡೆದಿತ್ತು. ಕ್ರೋನ್‌ಸ್ಟಾಟ್‌ನವರಿಗೆ ಝಾರ್ ಕಡೆಯವರೂ ಬೇಡ, ನಮ್ಮ ಆಡಳಿತವೂ ಬೇಡ ಎಂಬ ಅರ್ಥದ ಮಾತನ್ನು ಲೆನಿನ್ ಅಲ್ಲಿ ಆಡಿದರು. ಅಂದರೆ ಜನರಿಗೆ ಹೇಳಿದ್ದು ಪೂರ್ತಿ ನಿಜವಲ್ಲ ಎಂದು ನಾಯಕರಿಗೆ ಗೊತ್ತಿತ್ತು. ಅದೇ ಅಧಿವೇಶನ ಪಕ್ಷದೊಳಗೆ ಬಣ ಕಟ್ಟುವುದನ್ನೂ ನಿಷೇಧಿಸಿತು. ಹೊರಗಿನವರ ಬಾಯಿ ಮುಚ್ಚಿದ ನಿಯಮ ಈಗ ಒಳಗಿನವರಿಗೂ ಬಂತು.

## ನಾಯಕನ ಮೂರ್ತಿ, ಅಳಿಸಿದ ಮುಖಗಳು

1924ರ ಜನವರಿ 21ರಂದು ಲೆನಿನ್ ತೀರಿಕೊಂಡರು. ಸ್ಮಾರಕ, ಅರಮನೆ ಕಟ್ಟಬೇಡಿ, ಶಿಶುವಿಹಾರ, ಶಾಲೆ, ಆಸ್ಪತ್ರೆ ಕಟ್ಟಿ ಎಂದು ಪತ್ನಿ ಕ್ರುಪ್ಸ್ಕಾಯಾ 'ಪ್ರಾವ್ದಾ'ದಲ್ಲೇ ಕೇಳಿಕೊಂಡರು. ಪಕ್ಷ ಶವವನ್ನು ಕೆಡದಂತೆ ಇಟ್ಟು ದರ್ಶನಕ್ಕೆ ತೆರೆಯಿತು. ಪೆಟ್ರೊಗ್ರಾಡ್ ಲೆನಿನ್‌ಗ್ರಾಡ್ ಆಯಿತು. ಸ್ಟಾಲಿನ್‌ನನ್ನು ಪ್ರಧಾನ ಕಾರ್ಯದರ್ಶಿ ಹುದ್ದೆಯಿಂದ ತೆಗೆಯಿರಿ ಎಂದು ಲೆನಿನ್ ಬರೆಸಿದ್ದ ಪತ್ರವನ್ನು ಮಾತ್ರ ಜನರಿಂದ ಬಚ್ಚಿಟ್ಟರು. ಸತ್ತ ನಾಯಕನನ್ನು ಪೂಜಿಸುತ್ತಾ ಅವನ ಮಾತನ್ನು ಮುಚ್ಚಿಡುವುದು ಹೀಗೆ ಸಾಧ್ಯವಾಯಿತು.

1920ರ ಮೇನಲ್ಲಿ ಮಾಸ್ಕೊದ ಚೌಕದಲ್ಲಿ ಲೆನಿನ್ ಭಾಷಣ ಮಾಡುತ್ತಿರುವ ಪ್ರಸಿದ್ಧ ಫೋಟೊ ಇದೆ. ವೇದಿಕೆಯ ಮೆಟ್ಟಿಲ ಮೇಲೆ ಟ್ರಾಟ್‌ಸ್ಕಿ ಮತ್ತು ಪಕ್ಷದ ಇನ್ನೊಬ್ಬ ನಾಯಕ ಕಾಮೆನೆವ್ ನಿಂತಿದ್ದಾರೆ. ಮುಂದಿನ ಮುದ್ರಣಗಳಲ್ಲಿ ಇಬ್ಬರೂ ಇಲ್ಲ. ಅಷ್ಟು ಹೊತ್ತಿಗೆ ಟ್ರಾಟ್‌ಸ್ಕಿ ದೇಶದಿಂದಲೇ ಹೊರಹಾಕಲ್ಪಟ್ಟಿದ್ದರು.

## ಎರಡು ಬರಗಾಲ

ಮಾತಿನ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂದು ತಿಳಿಯಲು ಎರಡು ಬರಗಾಲಗಳನ್ನು ಹೋಲಿಸಬೇಕು. ದೇಶ ಅದೇ, ಪಕ್ಷ ಅದೇ. ನಡುವಿನ ಅಂತರ ಹನ್ನೊಂದು ವರ್ಷ.

ಮೊದಲನೆಯದು 1921-22ರದು. ಮಳೆ ಕೈಕೊಟ್ಟಿತ್ತು, ಅಂತರ್ಯುದ್ಧದಲ್ಲಿ ರೈತರ ಧಾನ್ಯವನ್ನು ಬಲವಂತವಾಗಿ ಎತ್ತಿಕೊಂಡಿದ್ದರು. ಸತ್ತವರು ಸುಮಾರು 50 ಲಕ್ಷ. ಆದರೆ ಸುದ್ದಿ ಹೊರಗೆ ಬಂತು. ಗಾರ್ಕಿ ಜಗತ್ತಿಗೆ ಬಹಿರಂಗವಾಗಿ ಮನವಿ ಮಾಡಿದರು. ಪಕ್ಷದ ಹೊರಗಿನ ಗಣ್ಯರೂ ಸೇರಿ ಒಂದು ಪರಿಹಾರ ಸಮಿತಿ ಕಟ್ಟಿದರು. ಸರಕಾರ ಆ ಸಮಿತಿಯನ್ನು ಕೆಲವೇ ವಾರದಲ್ಲಿ ಮುಚ್ಚಿ ಅನೇಕರನ್ನು ಬಂಧಿಸಿತು ನಿಜ, ಆದರೆ ಅಷ್ಟರಲ್ಲಿ ವಿದೇಶಿ ನೆರವಿಗೆ ಒಪ್ಪಂದವಾಗಿತ್ತು. 1922ರ ಆಗಸ್ಟ್ ಹೊತ್ತಿಗೆ ಅಮೆರಿಕದ ಪರಿಹಾರ ಸಂಸ್ಥೆಯೊಂದೇ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನರಿಗೆ ಊಟ ಹಾಕುತ್ತಿತ್ತು.

ಎರಡನೆಯದು 1932-33ರದು. 1929ರ ಕೊನೆಯಿಂದ ಸ್ಟಾಲಿನ್ ಸರಕಾರ ರೈತರ ಭೂಮಿಯನ್ನು ಸಾಮೂಹಿಕ ಬೇಸಾಯಕ್ಕೆ ಬಲವಂತವಾಗಿ ಸೇರಿಸತೊಡಗಿತು. ಒಪ್ಪದವರು 'ಕುಲಾಕ್'. ಕುಲಾಕ್ ಅಂದರೆ ಶ್ರೀಮಂತ ರೈತ. ಎಷ್ಟು ಹಸು, ಎಷ್ಟು ಎಕರೆ ಇದ್ದರೆ ಶ್ರೀಮಂತ ಎಂಬುದಕ್ಕೆ ಗಟ್ಟಿ ಅಳತೆ ಇರಲಿಲ್ಲ. ಕಡು ಬಡವ ವಿರೋಧಿಸಿದರೆ ಅವನಿಗೆ 'ಕುಲಾಕರ ಕಡೆಯವನು' ಎಂಬ ಬೇರೆ ಹಣೆಪಟ್ಟಿ ಇತ್ತು. 1930-31ರ ಎರಡೇ ವರ್ಷದಲ್ಲಿ ಸುಮಾರು 18 ಲಕ್ಷ ಜನರನ್ನು ಊರು ಬಿಡಿಸಿ ದೂರದ ಕಾಡು, ಹಿಮದ ನಾಡಿಗೆ ಸಾಗಿಸಿದರು.

ಸರಕಾರ ಮೇಲಿನಿಂದ ಧಾನ್ಯದ ಗುರಿ ಹಾಕುತ್ತಿತ್ತು. ನಮ್ಮ ಊರಿನ ಸರಕಾರಿ ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನ ನೆನಪಿಸಿಕೊಳ್ಳಿ. ಗೋಡೆಗೆ ಸುಣ್ಣ ಬಳಿದಿರುತ್ತದೆ, ಜಾಣ ಮಕ್ಕಳು ಮುಂದಿನ ಸಾಲಿನಲ್ಲಿರುತ್ತಾರೆ, ಹಾಜರಿ ಪುಸ್ತಕದಲ್ಲಿ ಎಲ್ಲರೂ ಹಾಜರ್. ಇನ್ಸ್‌ಪೆಕ್ಟರ್ ಖುಷಿಯಿಂದ ವರದಿ ಬರೆದುಕೊಂಡು ಹೋಗುತ್ತಾರೆ. ಸೋರುವ ಮಾಡಿನ ಸುದ್ದಿ ಮೇಲಕ್ಕೆ ಹೋಗುವುದೇ ಇಲ್ಲ. ಈಗ ಸೋರುತ್ತದೆ ಎಂದು ಹೇಳಿದ ಮೇಷ್ಟ್ರನ್ನು ಜೈಲಿಗೆ ಹಾಕುವ ನಿಯಮ ಇದೆ ಎಂದುಕೊಳ್ಳಿ. ಸೋವಿಯತ್ ಹಳ್ಳಿಯಿಂದ ಮಾಸ್ಕೊವರೆಗೆ ಆದದ್ದು ಇದೇ. ಗುರಿ ಮುಟ್ಟಲಾಗದು ಎಂದ ಅಧಿಕಾರಿ ಶತ್ರುವಿನ ಕಡೆಯವನು. ಆದ್ದರಿಂದ ಎಲ್ಲರೂ ಮುಟ್ಟುತ್ತೇವೆ ಎಂದರು. ಆ ಲೆಕ್ಕ ನಂಬಿ ಮಾಸ್ಕೊ ಇನ್ನಷ್ಟು ಧಾನ್ಯ ಕೇಳಿತು. ಕೊನೆಗೆ ಬಿತ್ತನೆ ಬೀಜವನ್ನೂ ಎತ್ತಿಕೊಂಡು ಹೋದರು.

1932ರ ಆಗಸ್ಟ್ 7ರ ಕಾನೂನಿನ ಪ್ರಕಾರ ಸಾಮೂಹಿಕ ಹೊಲದ ಧಾನ್ಯ ಕದ್ದರೆ ಗುಂಡು, ಇಲ್ಲವೇ ಹತ್ತು ವರ್ಷ ಜೈಲು. ಕೊಯ್ದ ಹೊಲದಲ್ಲಿ ಉದುರಿದ ತೆನೆ ಆಯ್ದವರೂ ಇದಕ್ಕೆ ಸಿಕ್ಕಿಬಿದ್ದರು. 1933ರ ಜನವರಿಯಲ್ಲಿ ಉಕ್ರೇನ್ ಮತ್ತು ಕುಬಾನ್ ಪ್ರದೇಶದ ರೈತರು ಊರು ಬಿಟ್ಟು ಹೋಗದಂತೆ ತಡೆಯಲು ಆದೇಶ ಹೋಯಿತು. ಆ ಎರಡೂ ವರ್ಷ ದೇಶದಿಂದ ತಲಾ 10 ಲಕ್ಷ ಟನ್‌ಗಿಂತ ಜಾಸ್ತಿ ಧಾನ್ಯ ರಫ್ತಾಯಿತು. ಸೋವಿಯತ್ ಪತ್ರಿಕೆಗಳಲ್ಲಿ ಬರಗಾಲದ ಸುದ್ದಿಯೇ ಇಲ್ಲ. ಇತಿಹಾಸಕಾರರ ಅಂದಾಜಿನಲ್ಲಿ ಸತ್ತವರು 50ರಿಂದ 80 ಲಕ್ಷ. ಉಕ್ರೇನ್ ಒಂದರಲ್ಲೇ 35 ಲಕ್ಷಕ್ಕೂ ಹೆಚ್ಚು, ಕಝಾಕ್‌ಸ್ತಾನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು. ಈ ಸಲ ಹೊರಗಿನಿಂದ ಒಂದು ಕೋಟಿ ಊಟ ಬರಲಿಲ್ಲ. ಬರಗಾಲವೇ ಇಲ್ಲ ಎಂದ ಮೇಲೆ ನೆರವು ಕೇಳುವುದು ಹೇಗೆ?

ಗ್ಯಾರೆತ್ ಜೋನ್ಸ್ ಎಂಬ ವೇಲ್ಸ್ ದೇಶದ ಪತ್ರಕರ್ತ 1933ರ ಮಾರ್ಚ್‌ನಲ್ಲಿ ಉಕ್ರೇನ್ ಹಳ್ಳಿಗಳಲ್ಲಿ ನಡೆದಾಡಿ, ಬರ್ಲಿನ್‌ಗೆ ಬಂದು ಕಂಡದ್ದನ್ನು ಹೇಳಿದರು. ಎರಡೇ ದಿನದಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮಾಸ್ಕೊ ವರದಿಗಾರ ವಾಲ್ಟರ್ ಡ್ಯುರಾಂಟಿ ಅದನ್ನು ಅಲ್ಲಗಳೆದು ಬರೆದ. ಜನ ಹಸಿದಿದ್ದಾರೆ, ಉಪವಾಸ ಸಾಯುತ್ತಿಲ್ಲ ಎಂದ. ಪ್ರಚಾರಕ್ಕೆ ಹೊರಗಿನ ದನಿಗಳೂ ಸಿಗುತ್ತವೆ.

ಇನ್ನೊಂದು ಪತ್ರದ ಕಥೆ ಹೇಳಲೇಬೇಕು. ಲೇಖಕ ಮಿಖಾಯಿಲ್ ಶೋಲೊಖೊವ್ ಅದೇ ಏಪ್ರಿಲ್‌ನಲ್ಲಿ ತನ್ನ ಜಿಲ್ಲೆಯ ರೈತರ ಹಸಿವು, ಅವರಿಗೆ ಕೊಟ್ಟ ಹಿಂಸೆ ಎಲ್ಲ ವಿವರಿಸಿ ಸ್ಟಾಲಿನ್‌ಗೆ ನೇರವಾಗಿ ಬರೆದರು. ಈ ಸಲ ನಿಜ ಮೇಲಿನವರೆಗೆ ತಲುಪಿತು. ಸ್ಟಾಲಿನ್ ಆ ಜಿಲ್ಲೆಗೆ ಸ್ವಲ್ಪ ಧಾನ್ಯವನ್ನೂ ಕಳಿಸಿದ. ಆದರೆ ಉತ್ತರದಲ್ಲಿ, ನೀನು ಒಂದೇ ಮುಖ ನೋಡುತ್ತಿದ್ದೀಯ, ಈ ರೈತರು ಸೋವಿಯತ್ ಸರಕಾರದ ಮೇಲೆ ಸದ್ದಿಲ್ಲದ ಯುದ್ಧ ನಡೆಸಿದ್ದಾರೆ ಎಂಬರ್ಥದ ಮಾತು ಬರೆದ. ಇದು ಪತ್ರಿಕೆಗೆ ಕೊಟ್ಟ ಹೇಳಿಕೆಯಲ್ಲ, ಖಾಸಗಿ ಪತ್ರ. ಹಸಿದವನು ಶತ್ರುವಿನ ಹಾಗೆ ಕಾಣುವಷ್ಟು ಮಟ್ಟಿಗೆ ತನ್ನದೇ ಪ್ರಚಾರ ಅವನ ಕಣ್ಣಿಗೂ ಹತ್ತಿತ್ತು.

ಪತ್ರಿಕಾ ಸ್ವಾತಂತ್ರ್ಯ ಇರುವ, ಚುನಾವಣೆ ನಡೆಯುವ ದೇಶಗಳಲ್ಲಿ ದೊಡ್ಡ ಬರಗಾಲದ ಸಾವುಗಳು ಆಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದ್ದಾರೆ. ಈ ಎರಡು ಬರಗಾಲಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಆ ವಾದದ ತೂಕ ತಿಳಿಯುತ್ತದೆ.

## ಜನಗಣತಿಯೂ ಶತ್ರುವಾಯಿತು

1937ರ ಜನವರಿಯಲ್ಲಿ ಜನಗಣತಿ ನಡೆಯಿತು. ದೇಶದ ಜನಸಂಖ್ಯೆ 16.8 ಕೋಟಿ ಎಂದು ಸ್ಟಾಲಿನ್ 1934ರಲ್ಲೇ ಘೋಷಿಸಿದ್ದ. ಎಣಿಸಿದಾಗ ಸಿಕ್ಕಿದ್ದು ಸುಮಾರು 16.2 ಕೋಟಿ. ಸತ್ತವರು ಲೆಕ್ಕದಲ್ಲಿ ಕಾಣಿಸಿಕೊಂಡಿದ್ದರು. ದೇವರನ್ನು ನಂಬುತ್ತೀರಾ ಎಂಬ ಪ್ರಶ್ನೆಯೂ ಇತ್ತು. 16 ದಾಟಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೌದು ಎಂದಿದ್ದರು. ಸರಕಾರ ಗಣತಿಯನ್ನೇ ರದ್ದು ಮಾಡಿತು. ಅಂಕಿಅಂಶ ಇಲಾಖೆಯ ಮುಖ್ಯಸ್ಥ ಇವಾನ್ ಕ್ರಾವಲ್ ಮತ್ತು ಗಣತಿಯ ಮುಖ್ಯಸ್ಥ ಒಲಿಂಪಿ ಕ್ವಿಟ್ಕಿನ್ ಇಬ್ಬರಿಗೂ ಗುಂಡಿಕ್ಕಿದರು. 1939ರಲ್ಲಿ ಮತ್ತೆ ಎಣಿಸಿದರು. 17 ಕೋಟಿ ಎಂಬ ಲೆಕ್ಕ ಬಂತು.

ಈ ಹೊತ್ತಿಗೆ ಮಹಾ ದಮನ ಶುರುವಾಗಿತ್ತು. 1937ರ ಜುಲೈ 30ರ ಗುಟ್ಟಿನ ಆದೇಶವೊಂದು ಪ್ರತಿ ಪ್ರದೇಶಕ್ಕೂ ಕೋಟಾ ಹಾಕಿತು. ಒಟ್ಟು ಸುಮಾರು 76 ಸಾವಿರ ಜನರಿಗೆ ಗುಂಡು, ಸುಮಾರು 1.93 ಲಕ್ಷ ಜನರಿಗೆ ಬಲವಂತದ ದುಡಿಮೆಯ ಶಿಬಿರ. ಧಾನ್ಯದ ಗುರಿಯಂತೆ ಇದನ್ನೂ ಮೀರಿ ತೋರಿಸಲು ಸ್ಥಳೀಯ ಅಧಿಕಾರಿಗಳು ಹೆಚ್ಚಿನ ಕೋಟಾ ಕೇಳಿ ಪಡೆದರು. 1937-38ರಲ್ಲಿ ಗುಂಡಿಗೆ ಬಲಿಯಾದವರು ಪೊಲೀಸರದೇ ದಾಖಲೆಯಲ್ಲಿ 6,81,692.

ಕ್ರಾಂತಿ ಮಾಡಿದವರೂ ಉಳಿಯಲಿಲ್ಲ. 1936ರಿಂದ 1938ರವರೆಗೆ ಮಾಸ್ಕೊದಲ್ಲಿ ನಡೆದ ಮೂರು ಬಹಿರಂಗ ವಿಚಾರಣೆಗಳಲ್ಲಿ ಲೆನಿನ್‌ನ ಹಳೆಯ ಸಂಗಾತಿಗಳು, ತಾವು ವಿದೇಶಿ ಗೂಢಚಾರರು ಎಂದು ತಪ್ಪೊಪ್ಪಿಗೆ ಓದಿದರು. ಮೂರನೇ ವಿಚಾರಣೆಯಲ್ಲಿ ನಿಂತವರಲ್ಲಿ ನಿಕೊಲಾಯ್ ಬುಖಾರಿನ್ ಇದ್ದರು. ಮಾತಿನ ಮತ್ತು ಪತ್ರಿಕೆಯ ಸ್ವಾತಂತ್ರ್ಯ ಬರೆದಿದ್ದ 1936ರ ಸೋವಿಯತ್ ಸಂವಿಧಾನದ ಕರಡು ತಯಾರಿಸಿದವರಲ್ಲಿ ಅವರೂ ಒಬ್ಬರು. ಪಕ್ಕದಲ್ಲಿ ರೈಕೊವ್. 1917ರಲ್ಲಿ ಎಚ್ಚರಿಕೆ ಬರೆದುಕೊಟ್ಟಿದ್ದ ಅದೇ ರೈಕೊವ್. ಇಬ್ಬರನ್ನೂ 1938ರ ಮಾರ್ಚ್‌ನಲ್ಲಿ ಗುಂಡಿಕ್ಕಿ ಕೊಂದರು.

ಭಾರತೀಯರೂ ಇದರಲ್ಲಿ ಸತ್ತರು. ಬ್ರಿಟಿಷರ ವಿರುದ್ಧ ಯುರೋಪಿನಲ್ಲಿ ಹೋರಾಟ ಕಟ್ಟಿ, ಕೊನೆಗೆ ಲೆನಿನ್‌ಗ್ರಾಡ್‌ನಲ್ಲಿ ನೆಲೆಸಿದ್ದ ವೀರೇಂದ್ರನಾಥ ಚಟ್ಟೋಪಾಧ್ಯಾಯ ಸರೋಜಿನಿ ನಾಯ್ಡು ಅವರ ತಮ್ಮ. ನಮ್ಮ ಮಂಗಳೂರಿನ ಕಮಲಾದೇವಿ ಮದುವೆಯಾಗಿದ್ದು ಇವರ ತಮ್ಮ ಹರೀಂದ್ರನಾಥರನ್ನು. ವೀರೇಂದ್ರನಾಥರಿಗೆ 1937ರ ಸೆಪ್ಟೆಂಬರ್ 2ರಂದು ಗುಂಡಿಕ್ಕಿದರು. 1920ರಲ್ಲಿ ತಾಷ್ಕೆಂಟ್‌ನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಅವನಿ ಮುಖರ್ಜಿಯವರಿಗೂ ಮರು ತಿಂಗಳು ಅದೇ ಗತಿ.

ಗಾರ್ಕಿ ಏನಾದರು ಎಂದು ನೀವು ಕೇಳಬಹುದು. ವಿದೇಶದಲ್ಲಿದ್ದವರು ವಾಪಸ್ ಬಂದರು. ಕೈದಿಗಳಿಂದ ತೋಡಿಸಿದ ಬೆಲೊಮೊರ್ ಕಾಲುವೆಯನ್ನು ಹೊಗಳುವ 1934ರ ಪುಸ್ತಕಕ್ಕೆ ಸಂಪಾದಕರಾದರು. 1918ರಲ್ಲಿ ಒಂದು ಸುಳ್ಳನ್ನು ಸುಳ್ಳು ಎಂದು ಬರೆದ ಕೈಯೇ ಅದು. ಓದಿದಾಗೆಲ್ಲ ಸಂಕಟವಾಗುತ್ತದೆ.

## ಎಲ್ಲ ಕ್ರಾಂತಿಗಳೂ ಹೀಗೇನಾ?

ಇಲ್ಲ. ಪೋರ್ಚುಗಲ್‌ನಲ್ಲಿ 1974ರ ಏಪ್ರಿಲ್ 25ರಂದು ಸೈನಿಕರೇ ದಶಕಗಳ ಸರ್ವಾಧಿಕಾರವನ್ನು ಉರುಳಿಸಿದರು. ಹಳೆಯ ಸೆನ್ಸಾರ್ ಆಗಲೇ ಹೋಯಿತು. ಸರಿಯಾಗಿ ಒಂದು ವರ್ಷಕ್ಕೆ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು, ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಮತ ಹಾಕಿದರು. ಅಲ್ಲೂ ಎಲ್ಲ ಸಲೀಸಾಗಿರಲಿಲ್ಲ. 1975ರ ಮೇನಲ್ಲಿ 'ರೆಪೂಬ್ಲಿಕಾ' ಪತ್ರಿಕೆಯನ್ನು ಎಡಪಂಥದ ಮುದ್ರಣ ಕಾರ್ಮಿಕರು ವಶಕ್ಕೆ ತೆಗೆದುಕೊಂಡರು. ಆದರೆ ಆ ಜಗಳ ಬೀದಿಯಲ್ಲಿ, ಎಲ್ಲರ ಕಣ್ಣೆದುರು ನಡೆಯಿತು. ಸಮಾಜವಾದಿಗಳು ಅದನ್ನು ವಿರೋಧಿಸಿ ಸರಕಾರದಿಂದಲೇ ಹೊರಬಂದರು. ಸಂವಿಧಾನ ಸಭೆ ಉಳಿಯಿತು, 1976ರಲ್ಲಿ ಸಂವಿಧಾನ ಬಂತು. ಇರಾನ್‌ನಲ್ಲಿ ಉಲ್ಟಾ. ಅಲ್ಲಿನ ದೊರೆ ಶಾ ಹೋದ ವರ್ಷವೇ, 1979ರ ಆಗಸ್ಟ್‌ನಲ್ಲಿ 'ಆಯಂದೆಗಾನ್' ಎಂಬ ದೊಡ್ಡ ಪತ್ರಿಕೆಯನ್ನು ಹೊಸ ಆಡಳಿತ ಮುಚ್ಚಿಸಿತು.

ಪ್ರಚಾರವೊಂದೇ ಕಾರಣ ಎಂದು ಹೇಳಲಾಗದು. ರಷ್ಯಾದ ವಿಷಯದಲ್ಲಿ ಇತಿಹಾಸಕಾರರು ಇವತ್ತಿಗೂ ವಾದಿಸುತ್ತಾರೆ. ಲೆನಿನ್ ಕಟ್ಟಿದ ವ್ಯವಸ್ಥೆಯಲ್ಲೇ ಸ್ಟಾಲಿನ್ ಇದ್ದ ಎನ್ನುವವರಿದ್ದಾರೆ. ಯುದ್ಧ, ಬಡತನ, ಒಂಟಿತನದಿಂದ ಕ್ರಾಂತಿ ದಾರಿ ತಪ್ಪಿತು ಎನ್ನುವವರೂ ಇದ್ದಾರೆ. ಎರಡೂ ಕಡೆಯವರು ಒಪ್ಪುವ ಸಂಗತಿಗಳನ್ನೇ ಇಲ್ಲಿ ಕೊಟ್ಟಿದ್ದೇನೆ.

## ನಿಜ ಹೊರಬಂದದ್ದು ಯಾವಾಗ?

1953ರಲ್ಲಿ ಸ್ಟಾಲಿನ್ ಸತ್ತ. 1956ರ ಫೆಬ್ರವರಿ 25ರಂದು ಆಗಿನ ಪಕ್ಷದ ಮುಖ್ಯಸ್ಥ ನಿಕಿತಾ ಕ್ರುಶ್ಚೇವ್ ಪಕ್ಷದ ಮುಚ್ಚಿದ ಸಭೆಯಲ್ಲಿ ಅವನ ಅಪರಾಧಗಳನ್ನು ಬಿಡಿಸಿಟ್ಟರು. 1934ರ ಅಧಿವೇಶನಕ್ಕೆ ಬಂದಿದ್ದ 1,966 ಪ್ರತಿನಿಧಿಗಳಲ್ಲಿ 1,108 ಜನ ಬಂಧನಕ್ಕೊಳಗಾದರು ಎಂಬ ಲೆಕ್ಕ ಆ ಭಾಷಣದ್ದು. ಪಕ್ಷದವರ ಮೇಲಾದ ಅನ್ಯಾಯ ಅದರಲ್ಲಿ ಬಂತು. ಹಸಿದು ಸತ್ತ ಲಕ್ಷಾಂತರ ರೈತರು ಬರಲಿಲ್ಲ. ಆ ಭಾಷಣವೂ ಸೋವಿಯತ್ ಪತ್ರಿಕೆಯಲ್ಲಿ ಅಚ್ಚಾಗಲು 1989 ಆಗಬೇಕಾಯಿತು.

ಬುಖಾರಿನ್ ಬಂಧನಕ್ಕೆ ಮೊದಲು ಮುಂದಿನ ತಲೆಮಾರಿನ ಪಕ್ಷದ ನಾಯಕರಿಗೆಂದು ಒಂದು ಪತ್ರ ಬರೆದಿದ್ದರು. ಕಾಗದ ಸಿಕ್ಕಿದರೆ ಅಪಾಯ ಎಂದು ಚಿಕ್ಕ ವಯಸ್ಸಿನ ಹೆಂಡತಿ ಅನ್ನಾ ಲಾರಿನಾಗೆ ಅದನ್ನು ಬಾಯಿಪಾಠ ಮಾಡಿಸಿದರು. ಆಕೆ ಸುಮಾರು ಇಪ್ಪತ್ತು ವರ್ಷ ಶಿಬಿರ, ಗಡೀಪಾರಿನಲ್ಲಿ ಕಳೆದರು. ಮಗ ತನ್ನ ತಂದೆ ಯಾರೆಂದು ತಿಳಿಯದೆಯೇ ಬೆಳೆದ. ಆಕೆ ಮಾತ್ರ ಪತ್ರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಉಳಿಸಿಕೊಂಡರು. 1988ರಲ್ಲಿ ಬುಖಾರಿನ್ ನಿರ್ದೋಷಿ ಎಂದು ಸರಕಾರ ಒಪ್ಪಿತು, ಪತ್ರವೂ ಸೋವಿಯತ್ ಓದುಗರ ಕೈಗೆ ಬಂತು.

ಪತ್ರಿಕೆಗಳ ಮೇಲಿನ ಸೆನ್ಸಾರ್ ರದ್ದು ಮಾಡುವ ಕಾನೂನು 1990ರ ಜೂನ್ 12ರಂದು ಪಾಸಾಯಿತು. 1917ರಲ್ಲಿ 'ತಾತ್ಕಾಲಿಕ' ಎಂದು ಶುರುವಾದದ್ದಕ್ಕೆ ಆಗ 72 ವರ್ಷ ದಾಟಿತ್ತು. ಕ್ರೋನ್‌ಸ್ಟಾಟ್‌ನ ನಾವಿಕರ ಮೇಲೆ ಹೊರಿಸಿದ ಆರೋಪ ತೆಗೆದುಹಾಕಲು 1994ರ ಜನವರಿವರೆಗೆ ಕಾಯಬೇಕಾಯಿತು. ಆ ಆದೇಶಕ್ಕೆ ಸಹಿ ಹಾಕಿದ್ದು ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ತ್‌ಸಿನ್.